ಅಮೆರಿಕದ ಕಥೆ–ಚಲಚ್ಚಿತ್ರಗಳಲ್ಲಿ ಪೌರುಷವೂ ವನರಕ್ಷಣೆಯೂ

ವೀರರಸವನ್ನು ವಿವರಿಸುವಾಗ ಭಾರತೀಯ ಆಲಂಕಾರಿಕರು ವೀರರನ್ನು ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರರೆಂದು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ದಯಾವೀರನಿಗೆ ಜೀಮೂತವಾಹನನನ್ನು ಉದಾಹರಣೆಯಾಗಿ ಕೊಟ್ಟಿರುವನು. ನಾಗನೊಬ್ಬನ ಪ್ರಾಣಕ್ಕಾಗಿ ಗರುಡನ ಮುಂದೆ ತನ್ನ ದೇಹವನ್ನೇ ಇರಿಸಿದ ಆ ರಾಜಕುಮಾರನ ಶೌರ್ಯವು ಕತ್ತಿ ಹಿಡಿದವನ ಶೌರ್ಯಕ್ಕಿಂತ ಕಡಮೆಯಾದುದಲ್ಲವೆಂಬುದೇ ಈ ವಿಂಗಡಣೆಯ ತಾತ್ಪರ್ಯ. ಈ ಅಳತೆಗೋಲನ್ನು ಹಿಡಿದು ಅಮೆರಿಕ ಸಂಯುಕ್ತ ಸಂಸ್ಥಾನದ ಕಥಾಸಾಹಿತ್ಯವನ್ನೂ ಚಲಚ್ಚಿತ್ರಗಳನ್ನೂ ನೋಡಿದರೆ ಒಂದು ವಿಶೇಷವು ಕಣ್ಣಿಗೆ ಬೀಳುವುದು. ಅಲ್ಲಿ ಯುದ್ಧವೀರರಿಗೆ ಬರಗಾಲವಿಲ್ಲ. ಆದರೆ ಕಾಡನ್ನೂ ಮೃಗವನ್ನೂ ಕಾಪಾಡುವ ಗಂಡಸನ್ನು ವೀರನೆಂದು ಒಪ್ಪಿಕೊಳ್ಳುವುದಕ್ಕೆ ಆ ಜನಕ್ಕೆ ಬಹುಕಾಲ ಹಿಡಿಯಿತು. ಒಪ್ಪಿಕೊಂಡಾಗಲೂ ಅವನ ಕೈಯಲ್ಲಿ ಒಂದು ಬಂದೂಕನ್ನು ಕೊಟ್ಟೇ ಒಪ್ಪಿಕೊಂಡರು.

ಇದಕ್ಕೆ ಕಾರಣವು ಆ ದೇಶದ ಚರಿತ್ರೆಯಲ್ಲಿಯೇ ಇದೆ. ಯೂರೋಪಿನಿಂದ ಹೋಗಿ ನೆಲಸಿದವರಿಗೆ ಕಾಡೆಂಬುದು ಮೊದಲನೆಯ ವೈರಿ. ಮರ ಕಡಿದು ಬಯಲು ಮಾಡಿದವನೇ ಗೃಹಸ್ಥ, ಅವನೇ ಪೌರ, ಅವನೇ ಗಂಡಸು. ೧೮೯೦ನೆಯ ಇಸವಿಯ ಜನಗಣತಿಯ ಬಳಿಕ ಇನ್ನು ದೇಶದಲ್ಲಿ ವಸತಿಯ ಎಲ್ಲೆಯೆಂದು ಗೆರೆಯೆಳೆಯಲು ಸಾಧ್ಯವಿಲ್ಲವೆಂದು ಸರಕಾರವು ಪ್ರಕಟಿಸಿತು. ೧೮೯೩ರಲ್ಲಿ ಷಿಕಾಗೋ ನಗರದಲ್ಲಿ ಫ್ರೆಡರಿಕ್ ಜ್ಯಾಕ್ಸನ್ ಟರ್ನರ್ ಎಂಬ ಚರಿತ್ರಕಾರನು, ಅಮೆರಿಕದವರ ಸ್ವಭಾವವನ್ನು ರೂಪಿಸಿದುದು ಆ ಗಡಿನಾಡಿನ ಬಾಳೇ ಎಂದು ವಾದಿಸಿದನು. ಹಾಗಾದರೆ ಕಡಿಯುವುದಕ್ಕೆ ಕಾಡು ಉಳಿಯದೆ ಹೋದಾಗ ಗಂಡಸುತನವನ್ನು ಎಲ್ಲಿ ತೋರಿಸಬೇಕು? ಕಾಡು ಮುಗಿದರೆ ವೀರನೂ ಮುಗಿದನೆ? ಟರ್ನರನಿಗಿಂತ ಎಪ್ಪತ್ತು ವರ್ಷ ಮೊದಲೇ ಈ ಪ್ರಶ್ನೆಯು ಕಾದಂಬರಿಯೊಂದರಲ್ಲಿ ತಲೆಯೆತ್ತಿದ್ದಿತು.

ಆ ಕಾದಂಬರಿ ಜೇಮ್ಸ್ ಫೆನಿಮೋರ್ ಕೂಪರನು ೧೮೨೩ರಲ್ಲಿ ಪ್ರಕಟಿಸಿದ ‘ದಿ ಪಯೊನಿಯರ್ಸ್’. ನ್ಯೂಯಾರ್ಕ್ ಪ್ರಾಂತದ ಆಟ್ಸೀಗೊ ಸರೋವರದ ದಡದಲ್ಲಿ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಹೊಸದಾಗಿ ಎದ್ದ ಊರೊಂದರ ಕಥೆಯಿದು. ಊರಿನ ಒಡೆಯನು ನ್ಯಾಯಾಧೀಶ ಟೆಂಪಲ್. ಬಿಲ್ಲಿ ಕರ್ಬಿಯೆಂಬ ಮರಕಡುಕನು ಕೊಡಲಿಯ ಬಲಕ್ಕೆ ಊರೆಲ್ಲ ಹೆಸರಾದವನು. ಮರವು ಉರುಳುವುದೇ ಅವನಿಗೆ ಹಬ್ಬ. ವಸಂತದಲ್ಲಿ ವಲಸೆಯ ಪಾರಿವಾಳಗಳು ಆಕಾಶವನ್ನು ಮುಚ್ಚಿ ಹಾರಿಬರುವಾಗ ಊರ ಗಂಡಸರೆಲ್ಲರೂ ಬಂದೂಕು, ಬಿಲ್ಲು, ಕೋಲು ಹಿಡಿದು ಹೊರಡುವರು; ಸಾಲದೆಂದು ಒಂದು ಚಿಕ್ಕ ಫಿರಂಗಿಯನ್ನೂ ಎಳೆದು ತರುವರು. ಸತ್ತ ಹಕ್ಕಿಗಳನ್ನು ಎತ್ತಿಕೊಳ್ಳುವವರೂ ಇಲ್ಲ. ಈ ಗದ್ದಲದ ನಡುವೆ ಮುದಿ ಬೇಟೆಗಾರನಾದ ನ್ಯಾಟಿ ಬಂಪೊ ಬರುವನು. ಒಂದೇ ಗುಂಡಿನಿಂದ ತನಗೆ ಬೇಕಾದ ಒಂದೇ ಹಕ್ಕಿಯನ್ನು ಹೊಡೆದು, ಉಳಿದವರ ಪೋಲುತನವನ್ನು ಖಂಡಿಸಿ ಹೊರಟುಹೋಗುವನು. ಊರಿನಲ್ಲಿ ಎಲ್ಲರಿಗಿಂತ ಗುರಿಕಾರನಾದವನೇ ಎಲ್ಲರಿಗಿಂತ ಕಡಮೆ ಕೊಂದವನು. ಪೌರುಷಕ್ಕೂ ಸಂಯಮಕ್ಕೂ ಅಮೆರಿಕದ ಕಥೆಯಲ್ಲಿ ಮೊದಲ ಗಂಟು ಬಿದ್ದುದು ಇಲ್ಲಿಯೇ ಎನ್ನಬಹುದು.

ಆದರೆ ಕೂಪರನು ಆ ಗಂಟನ್ನು ಸುಲಭವಾಗಿ ಬಿಗಿಯಲಿಲ್ಲ. ಅಕಾಲದಲ್ಲಿ ಜಿಂಕೆಯನ್ನು ಕೊಲ್ಲಬಾರದೆಂದು ಹೊಸ ಕಾನೂನು ಬರುವುದು. ಅದಕ್ಕೆ ಮೊದಲು ಸಿಕ್ಕಿಬೀಳುವವನು ಫಿರಂಗಿ ಹಾರಿಸಿದವನಲ್ಲ, ಹೊಟ್ಟೆಗಾಗಿ ಒಂದು ಜಿಂಕೆಯನ್ನು ಕೊಂದ ನ್ಯಾಟಿ! ಕಾನೂನು ಮಾಡಿದ ನ್ಯಾಯಾಧೀಶನೇ ಅವನಿಗೆ ಸೆರೆಮನೆಯನ್ನು ವಿಧಿಸುವನು. ಕಡೆಯಲ್ಲಿ ಮುದುಕನು ತನ್ನ ಗುಡಿಸಲನ್ನು ತಾನೇ ಸುಟ್ಟು, ಕೊಡಲಿಯ ಸದ್ದು ಕೇಳದ ಪಶ್ಚಿಮಕ್ಕೆ ಹೊರಟುಹೋಗುವನು. ವಿಪರ್ಯಾಸವೇನೆಂದರೆ, ಅವನು ಹೋದ ದಾರಿಯನ್ನೇ ಹಿಡಿದು ಕೊಡಲಿಯೂ ಹೋಗುವುದು. ‘ಕೊಡಲಿಯ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯು ಈ ಕಾಡಿನ ಮಗನಿಗೆ ಚೆನ್ನಾಗಿ ಒಪ್ಪುತ್ತದೆ. ಆ ಪಾರಿವಾಳಗಳ ಗತಿಯನ್ನು ಚರಿತ್ರೆಯು ಮುಗಿಸಿತು: ನೂರಾರು ಕೋಟಿ ಸಂಖ್ಯೆಯಲ್ಲಿದ್ದ ಆ ಜಾತಿಯ ಕೊನೆಯ ಹಕ್ಕಿಯು ೧೯೧೪ನೆಯ ಇಸವಿ ಸೆಪ್ಟೆಂಬರ್ ೧ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಕೂಪರನ ಕಾಲದ ಬಳಿಕ ಕಾಡಿನ ಪರವಾದ ಮಾತು ಗಂಡಸರ ಬಾಯಿಂದಲೇ ಬಂದಿತೆಂದೂ ಹೇಳುವಂತಿಲ್ಲ. ಅವನ ಮಗಳಾದ ಸೂಸನ್ ಫೆನಿಮೋರ್ ಕೂಪರ್ ೧೮೫೦ರಲ್ಲಿ ‘ರೂರಲ್ ಅವರ್ಸ್’ ಎಂಬ ದಿನಚರಿಯ ರೂಪದ ಗ್ರಂಥವನ್ನು ಪ್ರಕಟಿಸಿ, ಮರಗಳನ್ನು ಪೋಲುಮಾಡುವ ತನ್ನ ನೆರೆಯವರಿಗೆ ಬುದ್ಧಿ ಹೇಳಿದಳು. ಥೋರೋ ಮಹಾಶಯನ ‘ವಾಲ್ಡನ್’ ಬಂದುದು ಅದಕ್ಕೆ ನಾಲ್ಕು ವರ್ಷಗಳ ಅನಂತರ. ೧೮೮೬ರಲ್ಲಿ ಸೇರಾ ಆರ್ನ್ ಜುವೆಟ್ ಬರೆದ ‘ಎ ವೈಟ್ ಹೆರನ್’ ಎಂಬ ಸಣ್ಣಕಥೆಯಲ್ಲಿ ಸಿಲ್ವಿಯಾ ಎಂಬ ಒಂಬತ್ತು ವರ್ಷದ ಹುಡುಗಿಯಿರುವಳು. ಬಂದೂಕು ಹಿಡಿದ ಸುಂದರನಾದ ಪಕ್ಷಿಶಾಸ್ತ್ರಜ್ಞನೊಬ್ಬನು ಬಿಳಿಯ ಕೊಕ್ಕರೆಯ ಗೂಡನ್ನು ತೋರಿಸಿದರೆ ಹತ್ತು ಡಾಲರು ಕೊಡುವೆನೆನ್ನುವನು. ಅವನಿಗೆ ಹಕ್ಕಿಯೆಂದರೆ ಕೊಂದು ಹೊಟ್ಟು ತುಂಬಿ ಇಡತಕ್ಕ ಮಾದರಿ. ಹುಡುಗಿಯು ಬಡವೆ, ಅವನ ಮೇಲೆ ಅವಳಿಗೆ ಒಲವೂ ಉಂಟು. ಆದರೂ ಬೆಳಗಿನ ಜಾವದಲ್ಲಿ ದೊಡ್ಡ ಪೈನ್ ಮರವನ್ನು ಹತ್ತಿ ಗೂಡನ್ನು ಕಂಡುಬಂದವಳು ಬಾಯಿ ಬಿಡದೆ ನಿಲ್ಲುವಳು. ಆ ಮೌನದ ಧೈರ್ಯವು ಯಾವ ವೀರನ ಧೈರ್ಯಕ್ಕೂ ಕಡಮೆಯಲ್ಲ. ಆದರೆ ಲೋಕವು ಇದರಿಂದ ಬೇರೊಂದು ಪಾಠವನ್ನು ಕಲಿತಂತೆ ತೋರುತ್ತದೆ: ಹಕ್ಕಿಗಾಗಿ ಮರುಗುವುದು ಹೆಂಗಸರ ಮತ್ತು ಮಕ್ಕಳ ಕೆಲಸವೆಂಬುದೇ ಆ ಪಾಠ.

ಈ ಭಾವನೆಯು ಎಷ್ಟು ಬಲವಾಗಿದ್ದಿತೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಆದಿಯ ಇಬ್ಬರು ಪುರುಷರ ಕಥೆಯೇ ಸಾಕ್ಷಿ. ಥಿಯೊಡೋರ್ ರೂಸ್‌ವೆಲ್ಟನು ೧೮೮೭ರಲ್ಲಿ ‘ಬೂನ್ ಅಂಡ್ ಕ್ರಾಕೆಟ್ ಕ್ಲಬ್’ ಎಂಬ ಸಂಘವನ್ನು ಕಟ್ಟಿದನು. ಮೃಗಸಂರಕ್ಷಣೆಗಾಗಿ ದುಡಿದ ಆ ಸಂಘಕ್ಕೆ ಸೇರಬೇಕಾದರೆ ಮೊದಲು ದೊಡ್ಡ ಮೃಗವನ್ನು ನ್ಯಾಯವಾದ ಬೇಟೆಯಲ್ಲಿ ಕೊಂದಿರಬೇಕೆಂದು ನಿಯಮ! ೧೯೦೨ರಲ್ಲಿ ಓವೆನ್ ವಿಸ್ಟರನು ದನಗಾಹಿ ವೀರನನ್ನು ನಾಯಕನನ್ನಾಗಿ ಮಾಡಿ ಬರೆದ ‘ದಿ ವರ್ಜಿನಿಯನ್’ ಎಂಬ ಪ್ರಸಿದ್ಧ ಕಾದಂಬರಿಯು ಈ ರೂಸ್‌ವೆಲ್ಟನಿಗೇ ಅರ್ಪಿತವಾಯಿತು. ಅಧ್ಯಕ್ಷನಾಗಿದ್ದ ೧೯೦೧ರಿಂದ ೧೯೦೯ರವರೆಗೆ ಅವನು ಸುಮಾರು ಇಪ್ಪತ್ತಮೂರು ಕೋಟಿ ಎಕರೆ ನೆಲವನ್ನು ಸರಕಾರದ ರಕ್ಷಣೆಗೆ ಒಳಪಡಿಸಿದನೆಂದು ಲೆಕ್ಕ ಹೇಳುವರು. ಕಾಡನ್ನು ಉಳಿಸಬೇಕೆಂದರೆ, ಗಂಡಸರು ಗಟ್ಟಿಯಾಗುವುದಕ್ಕೆ ಒಂದು ಗರಡಿಯಾಗಿ ಉಳಿಸಬೇಕೆಂಬುದು ಅವನ ವಾದದ ಒಂದು ಮುಖ್ಯ ಎಳೆ.

ಇನ್ನೊಬ್ಬನು ಜಾನ್ ಮ್ಯೂರ್. ೧೯೦೩ನೆಯ ಇಸವಿ ಮೇ ತಿಂಗಳಲ್ಲಿ ಯೊಸೆಮಿಟಿಯ ಮರಗಳ ಕೆಳಗೆ ರೂಸ್‌ವೆಲ್ಟನೊಡನೆ ರಾತ್ರಿಗಳನ್ನು ಕಳೆದವನು. ಹಿಮನದಿಗಳನ್ನು ಒಂಟಿಯಾಗಿ ದಾಟಿದ ಸಾಹಸಿ. ಆದರೂ ಅವನು ಬಂದೂಕನ್ನು ಹಿಡಿದವನಲ್ಲ. ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ನೀರನ್ನೊದಗಿಸಲು ಹೆಚ್ ಹೆಚೀ ಕಣಿವೆಗೆ ಅಣೆಕಟ್ಟನ್ನು ಹಾಕಬಾರದೆಂದು ಅವನು ಹೋರಾಡಿದಾಗ, ೧೯೦೯ರಲ್ಲಿ ಆ ನಗರದ ಪತ್ರಿಕೆಯೊಂದು ಅವನಿಗೆ ಲಂಗವನ್ನೂ ಹೂವಿನ ಟೋಪಿಯನ್ನೂ ತೊಡಿಸಿ, ಕಸಬರಿಕೆಯಿಂದ ಪ್ರವಾಹವನ್ನು ಗುಡಿಸುತ್ತಿರುವ ಮುದುಕಿಯಂತೆ ಚಿತ್ರಿಸಿತು. ೧೯೧೩ರಲ್ಲಿ ಕಾನೂನು ಬಂದಿತು, ಕಣಿವೆಯು ಮುಳುಗಿತು. ಕಾಡನ್ನು ಕಾಯುವವನು ಕೊಂದವನಾಗಿದ್ದರೆ ಮಹಾಪುರುಷ, ಕೊಲ್ಲದವನಾಗಿದ್ದರೆ ಮುದುಕಿ! ಅಮೆರಿಕದ ದಯಾವೀರನಿಗೆ ಅಡ್ಡವಾಗಿ ನಿಂತ ಗೋಡೆಯು ಇದೇ.

ಈ ಗೋಡೆಯಲ್ಲಿ ಮೊದಲ ಬಿರುಕು ಕಾಣಿಸಿದುದು ಒಂದು ಮಹಾಯುದ್ಧದ ಬಳಿಕ. ಗಂಡಸುತನವನ್ನು ಹಾಡಿ ಹೊಗಳಿದವನೆಂದು ಹೆಸರಾದ ಅರ್ನೆಸ್ಟ್ ಹೆಮಿಂಗ್ವೇ ೧೯೨೫ರಲ್ಲಿ ಪ್ರಕಟಿಸಿದ ‘ಬಿಗ್ ಟೂ-ಹಾರ್ಟೆಡ್ ರಿವರ್’ ಎಂಬ ಕಥೆಯಲ್ಲಿ ನಿಕ್ ಎಂಬ ತರುಣನು ಮಿಷಿಗನ್ ಪ್ರಾಂತದ ಸೀನಿ ಎಂಬಲ್ಲಿ ರೈಲಿನಿಂದಿಳಿಯುವನು. ಊರು ಸುಟ್ಟುಹೋಗಿದೆ, ಸುಟ್ಟ ನೆಲದ ಮೇಲೆ ಬಾಳಿ ಮಿಡತೆಗಳೂ ಕಪ್ಪಾಗಿವೆ. ಯುದ್ಧದ ಹೆಸರು ಕಥೆಯಲ್ಲಿ ಒಮ್ಮೆಯೂ ಬಾರದು. ಆದರೆ ನಿಕ್ಕನ ಒಳಗೂ ಏನೋ ಸುಟ್ಟಿರುವುದೆಂದು ಓದುವವರಿಗೆ ತಿಳಿಯುವುದು. ಅವನು ಡೇರೆ ಹಾಕಿ, ಅಡುಗೆ ಮಾಡಿಕೊಂಡು, ಹೊಳೆಯಲ್ಲಿ ಗಾಳ ಹಾಕುವನು. ಚಿಕ್ಕ ಮೀನೊಂದು ಸಿಕ್ಕಿದಾಗ ಅದನ್ನು ಬಿಡಿಸುವ ಮೊದಲು ತನ್ನ ಕೈಯನ್ನು ನೀರಿನಲ್ಲಿ ಅದ್ದಿಕೊಳ್ಳುವನು. ಒಣಗಿದ ಕೈಯಿಂದ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆಯ ಪೊರೆಯು ಕೆಟ್ಟು, ಅಲ್ಲಿ ಬೂಷ್ಟು ಹಿಡಿದು ಅದು ಸಾಯುವುದೆಂಬುದನ್ನು ಅವನು ಬಲ್ಲನು. ಕಥೆಯಲ್ಲಿ ಬೇರೆ ಸಾಹಸವಿಲ್ಲ. ಗಾಯಗೊಂಡ ಗಂಡಸೊಬ್ಬನು ಇನ್ನೊಂದು ಜೀವಕ್ಕೆ ಗಾಯವಾಗದಂತೆ ಕೈಯನ್ನು ತೋಯಿಸಿಕೊಳ್ಳುವುದೇ ಅಲ್ಲಿನ ವೀರಕೃತ್ಯ. ಆ ಕೈಯನ್ನು ಕಂಡು ನಗುವ ಧೈರ್ಯವು ಯಾವ ಪತ್ರಿಕೆಗೂ ಬಾರದು.

ಇದೇ ಭಾವವನ್ನು ವಿಲಿಯಂ ಫಾಕ್ನರನು ೧೯೪೨ರಲ್ಲಿ ‘ಗೋ ಡೌನ್, ಮೋಸಸ್’ ಎಂಬ ಗ್ರಂಥದಲ್ಲಿ ಇನ್ನೂ ಆಳಕ್ಕೆ ಕೊಂಡೊಯ್ದನು. ಅದರಲ್ಲಿನ ‘ದಿ ಬೇರ್’ ಎಂಬ ಕಥೆಯ ಬಾಲಕ ಐಸಾಕ್ ಮೆಕ್ಯಾಸ್ಲಿನನು ಮಿಸಿಸಿಪ್ಪಿಯ ಮಹಾರಣ್ಯದಲ್ಲಿ ಓಲ್ಡ್ ಬೆನ್ ಎಂಬ ಮುದಿ ಕರಡಿಯನ್ನು ಕಾಣಬೇಕೆಂದು ಹಂಬಲಿಸುವನು. ಅವನ ಗುರು ಸ್ಯಾಮ್ ಫಾದರ್ಸ್; ಚಿಕಸಾ ಕುಲದ ನಾಯಕನಿಗೂ ದಾಸಿಯೊಬ್ಬಳಿಗೂ ಹುಟ್ಟಿದವನು. ಬಂದೂಕನ್ನು ಹಿಡಿದಿರುವವರೆಗೆ ಕರಡಿಯು ಕಾಣಿಸದು ಎನ್ನುವನು ಗುರು. ಹುಡುಗನು ಬಂದೂಕನ್ನು ಬಿಟ್ಟು ಹೊರಡುವನು. ಅದೂ ಸಾಲದೆಂದು ಗಡಿಯಾರವನ್ನೂ ದಿಕ್ಸೂಚಿಯನ್ನೂ ಪೊದೆಯೊಂದಕ್ಕೆ ತೂಗುಹಾಕಿ ಕಾಡಿನೊಳಗೆ ನುಗ್ಗುವನು. ಆಗ ಕರಡಿಯು ದರ್ಶನ ಕೊಡುವುದು. ರೂಸ್‌ವೆಲ್ಟನ ಸಂಘದಲ್ಲಿ ಮೃಗವನ್ನು ಕೊಂದು ಪಡೆಯುತ್ತಿದ್ದ ದೀಕ್ಷೆಯನ್ನು ಫಾಕ್ನರನು ಆಯುಧತ್ಯಾಗದಿಂದ ಪಡೆಯುವ ದೀಕ್ಷೆಯನ್ನಾಗಿ ತಿರುಗಿಸಿದನು. ಇಪ್ಪತ್ತೊಂದನೆಯ ವರ್ಷದಲ್ಲಿ ಐಸಾಕನು ಮನೆತನದ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಗುಲಾಮರ ಮೇಲೆ ತನ್ನ ಅಜ್ಜನು ನಡೆಸಿದ ಪಾಪವನ್ನು ಓದಿ ತಿಳಿದು, ಪಿತ್ರಾರ್ಜಿತವಾದ ಜಮೀನನ್ನೂ ಬಿಟ್ಟುಕೊಡುವನು.

ಇಲ್ಲಿಗೆ ನಿಲ್ಲಿಸಿದ್ದರೆ ಫಾಕ್ನರನು ಒಬ್ಬ ಸಂತನ ಕಥೆಯನ್ನು ಹೇಳಿದಂತಾಗುತ್ತಿದ್ದಿತು. ಅವನು ನಿಲ್ಲಿಸಲಿಲ್ಲ. ಐಸಾಕನ ತ್ಯಾಗದಿಂದ ಒಂದು ಮರವೂ ಉಳಿಯಲಿಲ್ಲ. ಕಾಡಿನ ಒಡೆಯನು ಮರಗಳನ್ನು ಮೆಂಫಿಸ್ ನಗರದ ಮರದ ಕಂಪೆನಿಗೆ ಮಾರಿದನು. ಅದೇ ಗ್ರಂಥದ ‘ಡೆಲ್ಟಾ ಆಟಮ್’ ಎಂಬ ಕಥೆಯಲ್ಲಿ ಐಸಾಕನು ಎಂಬತ್ತರ ಸಮೀಪದ ವೃದ್ಧ. ಬೇಟೆಯ ಬಿಡಾರಕ್ಕೆ ತರುಣಿಯೊಬ್ಬಳು ಕೂಸನ್ನೆತ್ತಿಕೊಂಡು ಬರುವಳು. ಅವನ ಬಂಧುವಾದ ರಾತ್ ಎಂಬವನು ಅವಳನ್ನು ಕೈಬಿಟ್ಟು ಹಣವನ್ನು ಮಾತ್ರ ಇರಿಸಿ ಹೋಗಿರುವನು. ಅವಳ ಮೈಯಲ್ಲಿ ಕರಿಯರ ರಕ್ತವಿರುವುದೆಂದೂ ಅವಳು ತನ್ನ ವಂಶದವಳೇ ಎಂದೂ ತಿಳಿದಾಗ, ಕಾಡಿಗಾಗಿ ಎಲ್ಲವನ್ನೂ ತೊರೆದ ಆ ಮುದುಕನು ಬೆದರಿ, ಉತ್ತರಕ್ಕೆ ಹೋಗಿ ನಿನ್ನ ಜನದವನೊಬ್ಬನನ್ನು ಮದುವೆಯಾಗು ಎನ್ನುವನು. ಪ್ರೀತಿಯ ವಿಷಯವಾಗಿ ತಿಳಿದಿದ್ದುದನ್ನೆಲ್ಲ ಮರೆತೆಯಾ ಎಂಬ ಅರ್ಥದ ಮಾತನ್ನಾಡಿ ಅವಳು ಹೊರಟುಹೋಗುವಳು. ಕಥೆಯ ಕೊನೆಗೆ ರಾತನು ಕೊಂದ ಜಿಂಕೆಯು ಹೆಣ್ಣೆಂದು ಮುದುಕನಿಗೆ ಹೊಳೆಯುವುದು. ಹೆಣ್ಣು ಜಿಂಕೆಯನ್ನು ಕೊಲ್ಲಬಾರದೆಂಬ ಬೇಟೆಗಾರರ ಧರ್ಮವನ್ನು ಕಾಯ್ದವನಿಂದ ಆ ಹೆಣ್ಣುಮಗಳನ್ನು ಕಾಯುವುದು ಆಗಲಿಲ್ಲ. ಮರದ ಮೇಲಣ ದಯೆಯು ಮನುಷ್ಯರ ಮುಂದೆ ಬಂದಾಗ ಬತ್ತಿಹೋದರೆ ಅದನ್ನು ದಯೆಯೆಂದು ಕರೆಯಬಹುದೆ? ಈ ಪ್ರಶ್ನೆಯನ್ನು ಇಷ್ಟು ನಿಷ್ಠುರವಾಗಿ ಕೇಳಿದ ಕಥೆಗಳು ವಿರಳ.

ಅದೇ ೧೯೪೨ರಲ್ಲಿ ವಾಲ್ಟ್ ಡಿಸ್ನಿಯ ‘ಬ್ಯಾಂಬಿ’ ಎಂಬ ಚಿತ್ರವು ತೆರೆಗೆ ಬಂದಿತು. ಜಿಂಕೆಯ ಮರಿಯ ತಾಯಿಯನ್ನು ಕೊಲ್ಲುವ ಬೇಟೆಗಾರನು ಅದರಲ್ಲಿ ಒಮ್ಮೆಯೂ ಕಣ್ಣಿಗೆ ಬೀಳನು. ಬಂದೂಕಿನ ಸದ್ದು ಮಾತ್ರ ಕೇಳಿಸುವುದು. ಬೇಟೆಗಾರರ ಪತ್ರಿಕೆಯೊಂದರ ಸಂಪಾದಕನು ಇದು ತಮ್ಮವರಿಗೆ ಅಪಮಾನವೆಂದು ಪ್ರತಿಭಟಿಸಿದನು. ಆದರೆ ಗಂಡಸಿನ ಮುಖವನ್ನೇ ತೋರಿಸದ ಚಿತ್ರವು ಅವನನ್ನು ತಿದ್ದುವುದೆಂತು? ಆ ಕೆಲಸವು ಕುದುರೆಯ ಮೇಲೆ ಕುಳಿತ ವೀರರ ಚಿತ್ರಗಳಿಂದಲೇ ಆಗಬೇಕಾಗಿದ್ದಿತು. ಅಲ್ಲಿಯ ಹಳೆಯ ಧರ್ಮವನ್ನು ಜಾರ್ಜ್ ಸ್ಟೀವನ್ಸನ ‘ಷೇನ್’ (೧೯೫೩) ಚಿತ್ರದಲ್ಲಿ ಚೆನ್ನಾಗಿ ನೋಡಬಹುದು. ವಯೋಮಿಂಗಿನ ಬೆಟ್ಟಗಳ ಬುಡದಲ್ಲಿ ಬೇಸಾಯ ಮಾಡುವ ಸ್ಟಾರೆಟ್ಟನ ಅಂಗಳದಲ್ಲಿ ಒಂದು ಮರದ ಬೊಡ್ಡೆಯಿದೆ. ಕುದುರೆಗಳನ್ನು ಕಟ್ಟಿ ಎಳೆಸಬಾರದೇಕೆ ಎಂದು ಹೆಂಡತಿಯು ಕೇಳಿದರೆ ಅವನು ಒಪ್ಪನು. ಹಾಗೆ ಮಾಡಿದರೆ ಬೊಡ್ಡೆಯೇ ಗೆದ್ದಂತೆ! ದಾರಿಹೋಕನಾದ ಷೇನನೂ ಅವನೂ ಬೆವರು ಸುರಿಸಿ ಕೊಡಲಿಯಿಂದ ಕಡಿದು ಅದನ್ನು ಉರುಳಿಸುವರು. ಅಲ್ಲಿಂದ ಅವರ ಸ್ನೇಹವು ಗಟ್ಟಿಯಾಗುವುದು. ಬಿಲ್ಲಿ ಕರ್ಬಿಯ ಕೊಡಲಿಯು ನೂರಮೂವತ್ತು ವರ್ಷಗಳ ಮೇಲೂ ಮೊಂಡಾಗಿರಲಿಲ್ಲ.

ಎಂಟು ವರ್ಷಗಳ ಅನಂತರ, ೧೯೬೧ರಲ್ಲಿ, ನಾಟಕಕಾರ ಆರ್ಥರ್ ಮಿಲ್ಲರನು ಬರೆದು ಜಾನ್ ಹ್ಯೂಸ್ಟನನು ನಿರ್ದೇಶಿಸಿದ ‘ದಿ ಮಿಸ್‌ಫಿಟ್ಸ್’ ಬಂದಿತು. ನೆವಾಡಾದ ಮರುಭೂಮಿಯಲ್ಲಿ ಮೂವರು ಗಂಡಸರು ವಿಮಾನದಿಂದ ಬೆದರಿಸಿ, ಲಾರಿಯಲ್ಲಿ ಅಟ್ಟಿ, ಕಾಡುಕುದುರೆಗಳನ್ನು ಹಿಡಿಯುವರು. ಒಂದು ಕಾಲದಲ್ಲಿ ಸವಾರಿಗೆಂದು ಹಿಡಿಯುತ್ತಿದ್ದ ಕುದುರೆಗಳು ಈಗ ನಾಯಿಗಳ ಆಹಾರಕ್ಕಾಗಿ ಮಾರಾಟವಾಗುವುವು. ದನಗಾಹಿಯ ಸ್ವಾತಂತ್ರ್ಯವೆಂಬುದು ಇಷ್ಟಕ್ಕೆ ಇಳಿದಿದೆ. ರಾಸ್‌ಲಿನ್ ಎಂಬ ಹೆಂಗಸು—ಈ ಪಾತ್ರವನ್ನು ಮೆರಿಲಿನ್ ಮನ್ರೋ ವಹಿಸಿದ್ದಳು—ಬಿಳಿಯ ಬಯಲಿನಲ್ಲಿ ದೂರ ನಿಂತು, ನೀವು ಕೊಲೆಗಾರರೆಂದು ಕೂಗುವಳು. ಕ್ಲಾರ್ಕ್ ಗೇಬಲನು ಅಭಿನಯಿಸಿದ ಗೇ ಎಂಬ ದನಗಾಹಿಯು, ಜೊತೆಗಾರನು ಬಿಟ್ಟುಬಿಟ್ಟ ಗಂಡುಕುದುರೆಯನ್ನು ಒಂಟಿಯಾಗಿ ಹೆಣಗಾಡಿ ಮತ್ತೆ ಹಿಡಿದು ಕಟ್ಟುವನು. ಕಟ್ಟಿದ ಮೇಲೆ ತಾನೇ ಹಗ್ಗವನ್ನು ಕೊಯ್ದು ಬಿಡುವನು. ಬಿಡುವ ನಿರ್ಧಾರವೂ ತನ್ನದೇ ಆಗಿರಬೇಕೆಂಬ ಹಠ ಅವನದು. ಕನಿಕರಕ್ಕೆ ಮೊದಲು ಗೆಲವು ಬೇಕೆಂಬ ಈ ಹಠದಲ್ಲಿ ಹಳೆಯ ಪೌರುಷದ ಜಂಬವಿದೆ, ನಿಜ. ಆದರೆ ಆ ಜಂಬವು ಚೂರಿಯ ಒಂದು ಎಳೆತದಿಂದ ತನ್ನನ್ನು ತಾನೇ ಕತ್ತರಿಸಿಕೊಂಡಿತು. ಚಿತ್ರವು ಬಿಡುಗಡೆಯಾಗುವುದಕ್ಕೆ ಮೊದಲೇ, ೧೯೬೦ನೆಯ ಇಸವಿ ನವೆಂಬರಿನಲ್ಲಿ, ಗೇಬಲನು ತೀರಿಕೊಂಡನು. ವಿಮಾನ ಮೋಟಾರುಗಳಿಂದ ಸರಕಾರದ ನೆಲದಲ್ಲಿ ಕಾಡುಕುದುರೆಗಳನ್ನು ಹಿಡಿಯಬಾರದೆಂಬ ಕಾನೂನು ೧೯೫೯ರಲ್ಲಿ ಬಂದಿದ್ದಿತು; ಅದಕ್ಕಾಗಿ ಹೋರಾಡಿ ಗೆದ್ದವಳು ನೆವಾಡಾದ ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ.

ಕಾಪಾಡುವವನು ಗಂಡಸಾದೊಡನೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ರೇಚಲ್ ಕಾರ್ಸನ್ ೧೯೬೨ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದು ಕೀಟನಾಶಕ ವಿಷಗಳ ಹಾನಿಯನ್ನು ತೋರಿಸಿದಾಗ, ಅದು ಹೆಂಗಸಿನ ಭಾವೋದ್ರೇಕವೆಂದು ಮೂಗು ಮುರಿದವರಿದ್ದರು. ಹತ್ತು ವರ್ಷಗಳ ಬಳಿಕ ಡಗ್ಲಸ್ ಟ್ರಂಬುಲ್ಲನ ‘ಸೈಲೆಂಟ್ ರನ್ನಿಂಗ್’ (೧೯೭೨) ಚಿತ್ರವು ಕಾಡಿನ ಕಾವಲಿಗೆ ಒಬ್ಬ ಗಂಡಸನ್ನೇ ನಿಲ್ಲಿಸಿತು. ಭೂಮಿಯ ಮೇಲೆ ಕಾಡು ಉಳಿದಿಲ್ಲ. ಕೊನೆಯ ವನಗಳು ಗಾಜಿನ ಗೋಪುರಗಳೊಳಗೆ ಅಂತರಿಕ್ಷ ನೌಕೆಗಳ ಮೇಲಿವೆ. ಅವನ್ನು ನಾಶಮಾಡಿ ಹಿಂದಿರುಗಿರೆಂದು ಆಜ್ಞೆ ಬರಲು, ಲೋವೆಲ್ ಎಂಬ ವನಪಾಲಕನು ವನವನ್ನುಳಿಸುವುದಕ್ಕಾಗಿ ತನ್ನ ಮೂವರು ಸಂಗಡಿಗರನ್ನು ಕೊಲ್ಲುವನು. ಗಿಡ ನೆಟ್ಟ ಕೈಯೇ ಕೊರಳನ್ನು ಹಿಸುಕಿತು! ತಾನು ಮಾಡಿದುದನ್ನು ಹೊತ್ತು ಬಾಳಲಾರದೆ ಅವನು ನೌಕೆಯೊಡನೆ ತನ್ನನ್ನೂ ಸಿಡಿಸಿಕೊಳ್ಳುವನು. ಕಡೆಯ ದೃಶ್ಯದಲ್ಲಿ, ಅನಂತವಾದ ಕತ್ತಲೆಯಲ್ಲಿ ತೇಲಿಹೋಗುತ್ತಿರುವ ಒಂದು ವನಕ್ಕೆ ಚಿಕ್ಕ ಯಂತ್ರಪುರುಷನೊಬ್ಬನು ಹಳೆಯ ಪಾತ್ರೆಯಿಂದ ನೀರೆರೆಯುತ್ತಿರುವನು. ಯುದ್ಧವೀರನು ವೇಷವನ್ನು ಬದಲಾಯಿಸಿ ವನಪಾಲಕನಾದರೆ ಸಾಲದು, ಸ್ವಭಾವವು ಬದಲಾಗದಿದ್ದಲ್ಲಿ ನೀರೆರೆಯುವ ಕೆಲಸವು ಯಂತ್ರದ ಪಾಲಿಗೆ ಉಳಿಯುವುದೆಂಬುದು ಆ ದೃಶ್ಯದಿಂದ ಹೊರಡುವ ಧ್ವನಿ.

ಕೂಪರನಿಂದ ಇಲ್ಲಿಯವರೆಗಿನ ಸುಮಾರು ಒಂದೂವರೆ ಶತಮಾನದ ದಾರಿಯನ್ನು ಹಿಂದಿರುಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುವುದು. ಅಮೆರಿಕದ ಕಥೆಗಾರರೂ ಚಿತ್ರಕಾರರೂ ಗಂಡಸಿಗೆ ಕಾಡನ್ನು ಪ್ರೀತಿಸುವುದನ್ನು ಬಹುಬೇಗ ಕಲಿಸಿದರು. ಆ ಪ್ರೀತಿಯೊಡನೆ ಊರಿನಲ್ಲಿ ಬಾಳುವುದನ್ನು ಕಲಿಸಲು ಅವರಿಗೆ ಕಷ್ಟವಾಯಿತು. ನ್ಯಾಟಿಯು ಪಶ್ಚಿಮಕ್ಕೆ ಹೋದನು, ಐಸಾಕನು ಮನೆಯನ್ನು ತೊರೆದನು, ಲೋವೆಲನು ಭೂಮಿಯನ್ನೇ ಬಿಟ್ಟನು. ಒಂಟಿತನವೇ ಅವರ ದಯೆಗೆ ತೆತ್ತ ಬೆಲೆ. ಅದೇ ಅದರ ದೋಷವೂ ಹೌದು. ಕಾಡಿಗಾಗಿ ಊರಿನಲ್ಲಿದ್ದುಕೊಂಡೇ ಎದುರು ನಿಂತವರಲ್ಲಿ ಮೊದಲಿನವರು ಸೂಸನ್ ಕೂಪರಳಂತಹ, ವೆಲ್ಮಾ ಜಾನ್‌ಸ್ಟನಳಂತಹ ಹೆಂಗಸರು, ಮತ್ತು ಮುದುಕಿಯೆನ್ನಿಸಿಕೊಳ್ಳಲು ಹೆದರದ ಮ್ಯೂರ್.

ಜೀಮೂತವಾಹನನು ಗರುಡನನ್ನು ಕೊಂದು ನಾಗನನ್ನು ಉಳಿಸಿದವನಲ್ಲ. ತನ್ನನ್ನು ಒಪ್ಪಿಸಿ ಗರುಡನ ಮನಸ್ಸನ್ನೂ ತಿರುಗಿಸಿದವನು. ಆ ಎತ್ತರದ ವೀರನು ಅಮೆರಿಕದ ಕಥೆಯಲ್ಲಿ ಇನ್ನೂ ಪೂರ್ಣವಾಗಿ ಮೂಡಿಲ್ಲ. ಆದರೆ ಪೊದೆಗೆ ತೂಗುಹಾಕಿದ ದಿಕ್ಸೂಚಿಯಲ್ಲಿ, ಕೊಯ್ದ ಹಗ್ಗದಲ್ಲಿ, ಮೀನನ್ನು ಮುಟ್ಟುವ ಮೊದಲು ನೀರಿಗದ್ದಿದ ಕೈಯಲ್ಲಿ ಅವನ ಹೆಜ್ಜೆಯ ಗುರುತುಗಳನ್ನು ಕಾಣಬಹುದು. ಇವುಗಳಲ್ಲಿ ಒಂದಾದರೂ ಯುದ್ಧದ ಸಾಹಸವಲ್ಲ. ಮಾಡಬಲ್ಲವನು ಮಾಡದೆ ಬಿಟ್ಟ ಕೃತ್ಯಗಳಿವು. ಶಕ್ತಿಯುಳ್ಳವನು ಆ ಶಕ್ತಿಯನ್ನು ತಡೆದು ನಿಲ್ಲಿಸುವುದನ್ನು ಪೌರುಷವೆಂದು ಒಪ್ಪಿಕೊಂಡ ಜನವು ತನ್ನ ಕಾಡನ್ನು ಉಳಿಸಿಕೊಳ್ಳುವುದು. ಒಪ್ಪಿಕೊಳ್ಳದ ಜನವು ಪಾರಿವಾಳಗಳ ಲೆಕ್ಕವನ್ನು ಪುಸ್ತಕಗಳಲ್ಲಿ ಓದಿಕೊಳ್ಳಬೇಕಾಗುವುದು.